ರಜೆ ಕಡಿಮೆ ಇರುವಾಗ ನಿಧಾನವಾಗಿ ಕೆಲವೇ ಊರು ನೋಡುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ವರ್ಷಕ್ಕೆ ಒಂದು ವಾರ, ಹೆಚ್ಚೆಂದರೆ ಹತ್ತು ದಿನ ರಜೆ ಹೊಂದಿಸಿಕೊಂಡು ದೂರದ ಊರುಗಳಿಗೆ ಹೊರಡುವವರನ್ನು ಗಮನದಲ್ಲಿಟ್ಟುಕೊಂಡು ಈ ಪ್ರಶ್ನೋತ್ತರಗಳನ್ನು ಸಿದ್ಧಪಡಿಸಲಾಗಿದೆ. ನೋಡಿದ ಊರುಗಳ ಸಂಖ್ಯೆಗಿಂತ, ಗಂಟುಮೂಟೆ ಕಟ್ಟುವ ಗೋಜಿಲ್ಲದೆ ಪೂರ್ತಿಯಾಗಿ ಕೈಗೆ ಸಿಕ್ಕ ದಿನಗಳ ಸಂಖ್ಯೆಯೇ ಪ್ರವಾಸದ ನಿಜವಾದ ಅಳತೆ ಎಂಬ ನಿಲುವಿನಿಂದ ಇಲ್ಲಿನ ಉತ್ತರಗಳು ಹೊರಟಿವೆ.

ರಜೆಯೇ ಕಡಿಮೆ ಇರುವಾಗ ಆದಷ್ಟು ಹೆಚ್ಚು ಊರುಗಳನ್ನು ನೋಡಿಬಿಡುವುದೇ ಜಾಣತನವಲ್ಲವೇ?

ಲೆಕ್ಕ ಹಾಕಿ ನೋಡಿದರೆ ಹಾಗೆನಿಸುವುದಿಲ್ಲ. ಒಂಬತ್ತು ದಿನಗಳ ರಜೆಯಲ್ಲಿ ಹೋಗುವ ದಿನ ಮತ್ತು ಬರುವ ದಿನಗಳನ್ನು ಕಳೆದರೆ ಉಳಿಯುವುದು ಏಳು ದಿನ. ಅದರಲ್ಲಿ ಐದು ಊರುಗಳನ್ನು ಸೇರಿಸಿದರೆ ನಾಲ್ಕು ಬಾರಿ ಬಿಡಾರ ಬದಲಿಸಬೇಕು; ಪ್ರತಿ ಬದಲಾವಣೆಗೆ ಕನಿಷ್ಠ ಅರ್ಧ ದಿನ ಹೋದರೂ ಎರಡು ದಿನಗಳು ದಾರಿಯಲ್ಲೇ ಕಳೆದು, ಊರಿಗೊಂದು ದಿನ ಮಾತ್ರ ಉಳಿಯುತ್ತದೆ. ಅದೇ ಏಳು ದಿನಗಳಲ್ಲಿ ಎರಡೇ ಊರುಗಳಿದ್ದರೆ ಒಂದೇ ಬಾರಿ ಗಂಟು ಕಟ್ಟಿದರಾಯಿತು, ಆರೂವರೆ ದಿನ ಉಳಿಯುತ್ತದೆ. ಅಂದರೆ ಒಂದೊಂದು ಊರಿಗೂ ಮೂರು ದಿನಗಳಿಗಿಂತ ಹೆಚ್ಚು.

ಅರ್ಧ ದಿನ ಎಂಬುದು ಉತ್ಪ್ರೇಕ್ಷೆಯೆಂದು ತೋರಬಹುದು, ಏಕೆಂದರೆ ಯೋಜನೆ ಹಾಕುವಾಗ ನಾವು ನೋಡುವುದು ರೈಲು ಓಡುವ ಸಮಯವನ್ನು ಮಾತ್ರ. ಟೋಕಿಯೊದಿಂದ ಕ್ಯೋಟೊಗೆ ಅತಿ ವೇಗದ ಶಿಂಕಾನ್ಸೆನ್ ರೈಲು ಸುಮಾರು ಎರಡೂಕಾಲು ಗಂಟೆ ತೆಗೆದುಕೊಳ್ಳುತ್ತದೆ. ಆದರೆ ಬೆಳಿಗ್ಗೆ ಸಾಮಾನು ಜೋಡಿಸಿ, ಕೊಠಡಿಯ ಲೆಕ್ಕ ಮುಗಿಸಿ, ನಿಲ್ದಾಣ ತಲುಪಿ, ಪ್ಲಾಟ್‌ಫಾರ್ಮ್ ಹುಡುಕಿ, ರೈಲಿಳಿದ ಮೇಲೆ ಹೊಸ ಊರಿನ ಬಸ್ಸಿನ ವ್ಯವಸ್ಥೆಯನ್ನು ಅರ್ಥ ಮಾಡಿಕೊಂಡು, ಹೋಟೆಲಿಗೆ ಹೋದರೆ ಕೊಠಡಿ ಮಧ್ಯಾಹ್ನದವರೆಗೆ ಸಿಗುವುದಿಲ್ಲವೆಂದು ಸಾಮಾನನ್ನು ಅಲ್ಲಿಯೇ ಇಟ್ಟು ಹೊರಬರುವಷ್ಟರಲ್ಲಿ ಐದು ಗಂಟೆಗಳು ಸರಿದಿರುತ್ತವೆ. ಜಗತ್ತಿನ ಅತ್ಯಂತ ಶಿಸ್ತಿನ ರೈಲು ವ್ಯವಸ್ಥೆಗಳಲ್ಲೊಂದರ ಸ್ಥಿತಿಯೇ ಹೀಗೆ. ವಿಮಾನವಾದರೆ ಭದ್ರತಾ ತಪಾಸಣೆ, ಲಗೇಜಿಗಾಗಿ ಕಾಯುವುದು, ನಗರದ ಹೊರಗಿನ ನಿಲ್ದಾಣಕ್ಕೆ ಹೋಗಿಬರುವುದು ಎಲ್ಲವೂ ಸೇರಿ, ಒಂದು ಗಂಟೆಯ ಹಾರಾಟವೂ ಒಂದು ಹಗಲನ್ನೇ ನುಂಗುವುದುಂಟು.

ನಿಧಾನ ಪ್ರವಾಸವೆಂದರೆ ತಿಂಗಳುಗಟ್ಟಲೆ ಒಂದೆಡೆ ನೆಲೆಸುವುದಲ್ಲವೇ? ವಾರದ ರಜೆಯವರಿಗೆ ಅದು ಸಾಧ್ಯವೇ?

ಈ ವಿಚಾರದ ಬೇರುಗಳಲ್ಲೊಂದು ಆಹಾರದ ಚಳವಳಿಯಲ್ಲಿದೆ. 1986ರಲ್ಲಿ ರೋಮ್ ನಗರದ ಚಾರಿತ್ರಿಕ ಚೌಕವೊಂದರ ಬಳಿ ಮೆಕ್‌ಡೊನಾಲ್ಡ್ಸ್ ಮಳಿಗೆ ತೆರೆಯುವುದನ್ನು ವಿರೋಧಿಸಿ ಕಾರ್ಲೊ ಪೆಟ್ರಿನಿ ಮತ್ತು ಸಂಗಡಿಗರು ಆರಂಭಿಸಿದ ಹೋರಾಟವು ‘ಸ್ಲೋ ಫುಡ್’ ಚಳವಳಿಯಾಗಿ ಬೆಳೆಯಿತು. 1989ರಲ್ಲಿ ಪ್ಯಾರಿಸ್‌ನಲ್ಲಿ ಅದರ ಪ್ರಣಾಳಿಕೆಗೆ ಸಹಿ ಬಿತ್ತು. 1999ರಲ್ಲಿ ಇಟಲಿಯ ಕೆಲವು ಸಣ್ಣ ಪಟ್ಟಣಗಳು ಸೇರಿ ‘ಚಿತ್ತಾಸ್ಲೋ’ ಎಂಬ ನಿಧಾನ ನಗರಗಳ ಕೂಟವನ್ನು ಕಟ್ಟಿದವು. ಪ್ರವಾಸದಲ್ಲಿಯೂ ಹೀಗೇ ಇರಬಹುದೆಂಬ ಮಾತು ಈ ಹಿನ್ನೆಲೆಯಲ್ಲಿಯೇ ಬಲ ಪಡೆಯಿತು.

ನಿಧಾನವೆನ್ನುವುದು ಒಟ್ಟು ಅವಧಿಗೆ ಸಂಬಂಧಿಸಿದ್ದಲ್ಲ. ಮೂವತ್ತು ದಿನಗಳಲ್ಲಿ ಇಪ್ಪತ್ತು ಊರು ಸುತ್ತಿದವರದು ಅವಸರದ ಪ್ರವಾಸವೇ. ಐದು ದಿನ ಒಂದೇ ಊರಿನಲ್ಲಿ ಉಳಿದವರದು ನಿಧಾನದ ಪ್ರವಾಸ. ನಿಜ ಹೇಳಬೇಕೆಂದರೆ, ಇದರ ಅಗತ್ಯ ಹೆಚ್ಚಿರುವುದು ರಜೆ ಕಡಿಮೆ ಇರುವವರಿಗೇ. ಮೂರು ತಿಂಗಳು ತಿರುಗುವವರು ಒಂದು ದಿನವನ್ನು ಬಸ್ ನಿಲ್ದಾಣದಲ್ಲಿ ಕಳೆದರೂ ಅವರಿಗೆ ನಷ್ಟವಿಲ್ಲ. ಆರು ದಿನದವರಿಗೆ ಆ ಒಂದು ದಿನವೇ ರಜೆಯ ಆರನೇ ಒಂದು ಪಾಲು.

ಒಂದು ಊರಿಗೆ ಎಷ್ಟು ದಿನ ಮೀಸಲಿಡಬೇಕು?

ಮೊದಲಿಗೆ, ದಿನಗಳ ಬದಲು ರಾತ್ರಿಗಳನ್ನು ಎಣಿಸುವ ಅಭ್ಯಾಸ ಮಾಡಿಕೊಳ್ಳುವುದು ಒಳ್ಳೆಯದು. ‘ಮೂರು ದಿನ’ ಎಂದು ಬರೆದುಕೊಂಡರೆ ತಲುಪುವ ದಿನ ಮತ್ತು ಬಿಡುವ ದಿನಗಳು ಅದರೊಳಗೇ ಸೇರಿಹೋಗಿ, ನಡುವೆ ಉಳಿಯುವುದು ಒಂದೇ ಪೂರ್ಣ ದಿನ. ‘ಮೂರು ರಾತ್ರಿ’ ಎಂದರೆ ಎರಡು ಪೂರ್ಣ ದಿನಗಳು ಖಚಿತ. ಸಾಧಾರಣ ಊರಿಗೆ ಮೂರು ರಾತ್ರಿಗಳೂ ದೊಡ್ಡ ನಗರಕ್ಕೆ ನಾಲ್ಕೈದು ರಾತ್ರಿಗಳೂ ಕನಿಷ್ಠ ಮಿತಿಯೆಂದು ಇಟ್ಟುಕೊಳ್ಳಬಹುದು. ಇದಕ್ಕಿಂತ ಕಡಿಮೆ ರಾತ್ರಿಗಳನ್ನು ಮಾತ್ರ ಕೊಡಲು ಸಾಧ್ಯವಾಗುವ ಊರನ್ನು ಪಟ್ಟಿಯಿಂದ ತೆಗೆಯುವುದೇ ಲೇಸು ಎಂಬುದು ನಮ್ಮ ಅಭಿಪ್ರಾಯ.

ಸ್ಥಳದ ಗಾತ್ರವೂ ಉತ್ತರವನ್ನು ಬದಲಿಸುತ್ತದೆ. ಕಾಂಬೋಡಿಯಾದ ಅಂಕೋರ್ ಎಂಬ ಪ್ರಾಚೀನ ದೇಗುಲಗಳ ಉದ್ಯಾನವು ಸುಮಾರು 400 ಚದರ ಕಿಲೋಮೀಟರ್ ಹರಡಿಕೊಂಡಿದೆ. ಅದನ್ನು ಒಂದು ದಿನದ ‘ದೇವಾಲಯ’ವೆಂದು ಭಾವಿಸಿ ಬಂದವರು ಬಿಸಿಲಿನಲ್ಲಿ ಬಸವಳಿದು ಮರಳುತ್ತಾರೆ. ಅಲ್ಲಿನ ಟಿಕೆಟ್ ವ್ಯವಸ್ಥೆಯೇ ಈ ಸತ್ಯವನ್ನು ಒಪ್ಪಿಕೊಂಡಂತಿದೆ: ಒಂದು ದಿನದ್ದಲ್ಲದೆ ಮೂರು ದಿನ ಮತ್ತು ಏಳು ದಿನಗಳ ಪಾಸುಗಳೂ ಇವೆ, ಮೂರು ದಿನದ ಪಾಸನ್ನು ಹತ್ತು ದಿನಗಳ ಅವಧಿಯೊಳಗೆ ಬೇಕಾದ ಮೂರು ದಿನ ಬಳಸಬಹುದು. ಒಂದು ದಿನ ನೋಡಿ, ಒಂದು ದಿನ ದಣಿವಾರಿಸಿಕೊಂಡು, ಮತ್ತೊಂದು ದಿನ ಹೋಗುವುದಕ್ಕೆ ಇದಕ್ಕಿಂತ ಅನುಕೂಲ ಬೇಕಿಲ್ಲ. ಇಟಲಿಯಲ್ಲಿ ಜ್ವಾಲಾಮುಖಿಯ ಬೂದಿಯಡಿ ಹೂತುಹೋಗಿದ್ದ ಪ್ರಾಚೀನ ನಗರ ಪೊಂಪೇಯಿಯೂ ಅಷ್ಟೇ, ಅದರ ಒಟ್ಟು ವಿಸ್ತಾರ 66 ಹೆಕ್ಟೇರು, ಅದರ ಮೂರನೇ ಎರಡರಷ್ಟು ಭಾಗವನ್ನು ಅಗೆದು ತೆಗೆಯಲಾಗಿದೆ. ಎರಡು ಗಂಟೆಯ ಬಿಡುವಿನಲ್ಲಿ ಅದನ್ನು ‘ಮುಗಿಸುವುದು’ ಎಂಬ ಮಾತಿಗೆ ಅರ್ಥವಿಲ್ಲ.

ಮತ್ತೆ ಆ ದೇಶಕ್ಕೆ ಹೋಗುವ ಅವಕಾಶವೇ ಬರದಿದ್ದರೆ? ಹತ್ತಿರದವರೆಗೆ ಹೋಗಿ ಪ್ರಸಿದ್ಧ ಸ್ಥಳವನ್ನು ಬಿಟ್ಟುಬಂದರೆ ಪಶ್ಚಾತ್ತಾಪವಾಗುವುದಿಲ್ಲವೇ?

ಜನರನ್ನು ಓಡಿಸುವುದು ಮುಖ್ಯವಾಗಿ ಈ ಭಯವೇ. ಇದನ್ನು ತಳ್ಳಿಹಾಕುವಂತಿಲ್ಲ, ಏಕೆಂದರೆ ದೂರದ ಪ್ರವಾಸಕ್ಕೆ ತಗಲುವ ಹಣ, ವೀಸಾ, ರಜೆಗಳನ್ನು ಎಲ್ಲರೂ ಪದೇ ಪದೇ ಹೊಂದಿಸಲಾರರು. ಆದರೂ ಒಂದು ಮಾತನ್ನು ಗಮನಿಸಬೇಕು. ಮತ್ತೆ ಬರಲಾರೆವೆಂಬುದು ನಿಜವಾದರೆ, ಇರುವ ಒಂದೇ ಅವಕಾಶವನ್ನು ಐದು ತುಂಡು ಮಾಡಿ ಯಾವುದನ್ನೂ ಸರಿಯಾಗಿ ನೋಡದೆ ಹೋಗುವುದಕ್ಕೆ ಅದು ಕಾರಣವಾಗಲಾರದು. ಆಯ್ದ ಒಂದೆರಡನ್ನು ಚೆನ್ನಾಗಿ ನೋಡುವುದಕ್ಕೇ ಅದು ಕಾರಣವಾಗಬೇಕು. ಬಸ್ಸಿನಿಂದಿಳಿದು ಫೋಟೊ ತೆಗೆದುಕೊಂಡು ಇಪ್ಪತ್ತು ನಿಮಿಷದಲ್ಲಿ ಮತ್ತೆ ಬಸ್ಸೇರಿದ ಸ್ಥಳವನ್ನು ‘ನೋಡಿದ್ದೇವೆ’ ಎಂದು ಹೇಳಿಕೊಳ್ಳಬಹುದು, ಅಷ್ಟೇ. ಹೋದ ಪುಟ್ಟ ಬಂದ ಪುಟ್ಟ ಎಂಬಂತಹ ಭೇಟಿಗೆ ಅಷ್ಟು ದೂರ ಹೋಗಬೇಕಿತ್ತೇ ಎಂಬ ಪ್ರಶ್ನೆ ಆಮೇಲೆ ಕಾಡುತ್ತದೆ.

ಇನ್ನೊಂದು ಸಂಗತಿಯೂ ಇದೆ. ಎಷ್ಟೇ ಓಡಿದರೂ ಬಿಟ್ಟುಹೋಗುವ ಸ್ಥಳಗಳು ಇದ್ದೇ ಇರುತ್ತವೆ. ಪ್ಯಾರಿಸ್‌ನ ಲೂವ್ರ್ ವಸ್ತುಸಂಗ್ರಹಾಲಯ ಒಂದರಲ್ಲಿಯೇ ಸುಮಾರು 35,000 ಕೃತಿಗಳು ಪ್ರದರ್ಶನದಲ್ಲಿರುತ್ತವೆ. ಒಂದೊಂದಕ್ಕೆ ಅರ್ಧ ನಿಮಿಷ ಕೊಟ್ಟರೂ 290 ಗಂಟೆಗಳಿಗೂ ಹೆಚ್ಚು ಬೇಕು. ಬಿಡುವುದು ಅನಿವಾರ್ಯವಾದ ಮೇಲೆ, ಏನನ್ನು ಬಿಡಬೇಕೆಂದು ಮನೆಯಲ್ಲಿ ಕುಳಿತು ಯೋಚಿಸಿ ತೀರ್ಮಾನಿಸುವುದು ಮೇಲು. ಆ ತೀರ್ಮಾನವನ್ನು ದಣಿವಿಗೂ ತಪ್ಪಿದ ರೈಲಿಗೂ ಬಿಟ್ಟುಕೊಟ್ಟರೆ ಪಶ್ಚಾತ್ತಾಪ ಹೆಚ್ಚಾಗುತ್ತದೆ.

ಹಾಗಾದರೆ ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಬಿಡಬೇಕು?

ಪಟ್ಟಿಯಲ್ಲಿರುವ ಪ್ರತಿಯೊಂದು ಊರಿನ ಮುಂದೆ, ಅಲ್ಲಿಗೆ ಏಕೆ ಹೋಗಬೇಕೆನಿಸಿದೆ ಎಂಬುದನ್ನು ಒಂದು ವಾಕ್ಯದಲ್ಲಿ ಬರೆಯಿರಿ. ‘ಎಲ್ಲರೂ ಹೋಗುತ್ತಾರೆ’, ‘ದಾರಿಯಲ್ಲೇ ಸಿಗುತ್ತದೆ’ ಎಂಬ ಕಾರಣಗಳಿಗಿಂತ ಬೇರೇನೂ ಹೊಳೆಯದ ಊರುಗಳು ತಾವಾಗಿಯೇ ಹೊರಬೀಳುತ್ತವೆ. ನಂತರ ನಕಾಶೆಯನ್ನು ತೆರೆದು, ಉಳಿದವುಗಳಲ್ಲಿ ಯಾವುವು ಒಂದೇ ಮಗ್ಗುಲಿಗೆ ಇವೆ ಎಂಬುದನ್ನು ನೋಡಬೇಕು. ಗುಂಪಿನಿಂದ ದೂರ ನಿಂತಿರುವ ಒಂದು ಊರಿಗಾಗಿಯೇ ಒಂದು ವಿಮಾನ ಪ್ರಯಾಣ ಸೇರುವುದಾದರೆ, ಆ ಊರು ಎಷ್ಟೇ ಪ್ರಸಿದ್ಧವಾಗಿದ್ದರೂ ಅದನ್ನು ಬಿಡುವುದು ಅಥವಾ ಅದೊಂದನ್ನೇ ಇಟ್ಟುಕೊಂಡು ಉಳಿದದ್ದನ್ನು ಬಿಡುವುದು, ಎರಡರಲ್ಲೊಂದು ಆಗಬೇಕು. ಎರಡನ್ನೂ ಉಳಿಸಿಕೊಳ್ಳಲು ಹೊರಟಾಗಲೇ ಯೋಜನೆಯು ಹಳಿ ತಪ್ಪುವುದು.

ಎಲ್ಲ ಮುಗಿದ ಮೇಲೆ ಇನ್ನೂ ಒಂದು ಊರನ್ನು ತೆಗೆಯಿರಿ. ಕಠಿಣವೆನಿಸಿದರೂ ಈ ಸಲಹೆಯನ್ನು ನಾವು ಎಲ್ಲರಿಗೂ ಕೊಡುತ್ತೇವೆ.

ಒಂದೇ ಊರಿನಲ್ಲಿ ನಾಲ್ಕೈದು ದಿನ ಇದ್ದರೆ ಬೇಸರವಾಗುವುದಿಲ್ಲವೇ?

ಬೇಸರವಾಗುವ ಸಂಭವ ಕಡಿಮೆ. ಆದರೂ ಅದಕ್ಕೆ ಸುಲಭದ ಪರಿಹಾರವೊಂದಿದೆ. ಒಂದು ಊರನ್ನು ಬಿಡಾರವಾಗಿ ಇಟ್ಟುಕೊಂಡು, ಅಲ್ಲಿಂದ ಬೆಳಿಗ್ಗೆ ಹೊರಟು ಸಂಜೆ ಮರಳುವಷ್ಟು ದೂರದ ಸ್ಥಳಗಳನ್ನು ನೋಡಿಬರುವುದು. ಕ್ಯೋಟೊದಲ್ಲಿ ಉಳಿದವರಿಗೆ ನಾರಾ ಮುಕ್ಕಾಲು ಗಂಟೆಯ ರೈಲುದಾರಿ, ಒಸಾಕಾ ಅರ್ಧ ಗಂಟೆ. ಫ್ಲಾರೆನ್ಸ್‌ನಿಂದ ಪೀಸಾಕ್ಕೆ ಒಂದು ಗಂಟೆ, ಸಿಯೆನಾಕ್ಕೆ ಸುಮಾರು ಒಂದೂವರೆ ಗಂಟೆ. ಕೈಯಲ್ಲಿ ನೀರಿನ ಬಾಟಲಿ, ಕೊಡೆ ಬಿಟ್ಟು ಬೇರೇನೂ ಇರುವುದಿಲ್ಲ; ಬೆಳಿಗ್ಗೆ ಎದ್ದಾಗ ಮಳೆ ಸುರಿಯುತ್ತಿದ್ದರೆ ಹೋಗದೆ ಉಳಿಯಲೂಬಹುದು. ಹೋಟೆಲ್ ಕಾಯ್ದಿರಿಸಿದ ಊರಿಗೆ ಹೊರಟವರಿಗೆ ಈ ಸ್ವಾತಂತ್ರ್ಯವಿಲ್ಲ.

ಆದರೆ ದಿನವೂ ಹೀಗೆ ಹೊರಗೆ ಹೋಗುತ್ತಿದ್ದರೆ ಹಳೆಯ ಓಟವೇ ಬೇರೆ ವೇಷದಲ್ಲಿ ಬಂದಂತಾಗುತ್ತದೆ. ಒಂದು ದಿನ ಹೊರಗೆ, ಒಂದು ದಿನ ಬಿಡಾರದ ಊರಿನಲ್ಲಿ ಎಂಬ ಕ್ರಮವು ಹೆಚ್ಚಿನವರಿಗೆ ಒಗ್ಗುತ್ತದೆ. ಊರಿನಲ್ಲಿ ಉಳಿದ ದಿನ, ಮೊದಲ ದಿನ ಜನಜಂಗುಳಿಯಲ್ಲಿ ನೋಡಿದ ಚೌಕಕ್ಕೋ ದೇಗುಲಕ್ಕೋ ಮುಂಜಾನೆ ಏಳು ಗಂಟೆಗೆ ಮತ್ತೆ ಹೋಗಿ ನೋಡಬೇಕು. ಎರಡನೆಯ ಸಲ ದಾರಿ ಹುಡುಕುವ ಚಿಂತೆಯಿರುವುದಿಲ್ಲ, ಫೋಟೊ ಆಗಲೇ ತೆಗೆದಾಗಿರುತ್ತದೆ, ಕಣ್ಣು ನಿಧಾನವಾಗಿ ಕಂಬದ ಕೆತ್ತನೆಯ ಕಡೆಗೋ, ಬಾಗಿಲು ತೆರೆಯುತ್ತಿರುವ ಅಂಗಡಿಗಳ ಕಡೆಗೋ ಹೊರಳುತ್ತದೆ.

ರಾತ್ರಿ ಉಳಿಯುವುದಕ್ಕೂ ಹಗಲು ಹೋಗಿಬರುವುದಕ್ಕೂ ಅಷ್ಟೊಂದು ವ್ಯತ್ಯಾಸವಿದೆಯೇ?

ಕೆಲವು ಊರುಗಳಲ್ಲಿ ಬಹಳ ಇದೆ. ವೆನಿಸ್ ಇದಕ್ಕೆ ಒಳ್ಳೆಯ ಉದಾಹರಣೆ. ಹಗಲಿನಲ್ಲಿ ಅಲ್ಲಿಗೆ ಬಂದು ಸಂಜೆಗೆ ಹೊರಟುಹೋಗುವವರ ದಟ್ಟಣೆ ಎಷ್ಟೆಂದರೆ, 2024ರಿಂದ ಕೆಲವು ನಿಗದಿತ ದಿನಗಳಲ್ಲಿ ಅಂತಹ ಹಗಲು ಪ್ರವಾಸಿಗರಿಂದ ನಗರವು ಪ್ರವೇಶ ಶುಲ್ಕ ಪಡೆಯಲು ಆರಂಭಿಸಿತು. ಅಲ್ಲಿಯೇ ತಂಗುವವರಿಗೆ ಅದರಿಂದ ವಿನಾಯಿತಿಯಿದೆ. ಸಂಜೆ ಅವರೆಲ್ಲ ಹೊರಟ ಮೇಲೆ ಅದೇ ಓಣಿಗಳು, ಅದೇ ಸೇತುವೆಗಳು ಖಾಲಿಯಾಗುತ್ತವೆ. ಹಗಲು ಬಂದು ಹೋದವರು ಆ ಊರನ್ನು ನೋಡಿರುವುದೇ ಇಲ್ಲ.

ಹವಾಮಾನ ಕೈಕೊಟ್ಟರೆ?

ನಿಧಾನ ಪ್ರವಾಸದ ಪರವಾಗಿ ಹೇಳಬಹುದಾದ ಅತ್ಯಂತ ವ್ಯಾವಹಾರಿಕವಾದ ಕಾರಣ ಇದೇ. ಫುಜಿ ಪರ್ವತವು ಮೋಡದಲ್ಲಿ ಮರೆಯಾಗಿರುವ ದಿನಗಳು ಬಹಳ, ಬೇಸಿಗೆಯಲ್ಲಂತೂ ಮತ್ತಷ್ಟು. ಉತ್ತರ ಧ್ರುವದ ಕಡೆಯ ಊರುಗಳಲ್ಲಿ ಆಗಸದ ಬಣ್ಣದ ಬೆಳಕನ್ನು ಕಾಣಬೇಕಾದರೆ ಕತ್ತಲೆ, ಮೋಡವಿಲ್ಲದ ಬಾನು, ಸೂರ್ಯನಿಂದ ಬರುವ ಕಣಗಳ ಚಟುವಟಿಕೆ ಇವು ಮೂರೂ ಒಂದೇ ರಾತ್ರಿ ಕೂಡಿಬರಬೇಕು. ಇಂತಹ ಸ್ಥಳಗಳಿಗೆ ಒಂದು ರಾತ್ರಿಯನ್ನು ಮಾತ್ರ ಇಟ್ಟುಕೊಂಡು ಹೋಗುವುದೆಂದರೆ ಜೂಜಾಡಿದಂತೆಯೇ. ಮೂರು ನಾಲ್ಕು ರಾತ್ರಿಗಳಿದ್ದರೆ ಒಂದಾದರೂ ಒಲಿಯಬಹುದು; ಒಲಿಯದಿದ್ದರೂ ಆ ಊರಿನಲ್ಲಿ ಬೇರೇನಾದರೂ ನೋಡಲು ಸಮಯವಿರುತ್ತದೆ.

ದೂರದ ವಿಮಾನ ಪ್ರಯಾಣ, ಎತ್ತರದ ಪ್ರದೇಶ: ಇವುಗಳಿಗೆ ದೇಹ ಹೊಂದಿಕೊಳ್ಳಲು ಎಷ್ಟು ಸಮಯ ಬೇಕು?

ಪ್ರವಾಸದ ಯೋಜನೆಗಳಲ್ಲಿ ದೇಹವನ್ನು ಲೆಕ್ಕಕ್ಕೇ ತೆಗೆದುಕೊಳ್ಳದಿರುವುದು ವಿಚಿತ್ರ. ಜೆಟ್ ಲ್ಯಾಗ್ (ದೂರದ ವಿಮಾನ ಪ್ರಯಾಣದಿಂದ ನಿದ್ದೆ-ಎಚ್ಚರಗಳ ಹೊತ್ತು ಏರುಪೇರಾಗುವುದು) ಇಳಿಯಲು, ದಾಟಿದ ಪ್ರತಿ ಗಂಟೆಯ ಕಾಲವಲಯಕ್ಕೆ ಸರಾಸರಿ ಒಂದು ದಿನ ಬೇಕೆಂಬುದು ವೈದ್ಯರು ಹೇಳುವ ಸ್ಥೂಲ ಲೆಕ್ಕ. ಮನುಷ್ಯನ ದೇಹದೊಳಗಿನ ಗಡಿಯಾರದ ಸುತ್ತು ಇಪ್ಪತ್ತನಾಲ್ಕು ಗಂಟೆಗಳಿಗಿಂತ ತುಸು ಹೆಚ್ಚಾಗಿರುವುದರಿಂದ, ದಿನವನ್ನು ಉದ್ದಗೊಳಿಸುವ ಪಶ್ಚಿಮದ ಪ್ರಯಾಣವು ಹಗುರ, ದಿನವನ್ನು ಕುಗ್ಗಿಸುವ ಪೂರ್ವದ ಪ್ರಯಾಣವು ಭಾರ. ಏಳೆಂಟು ಕಾಲವಲಯಗಳನ್ನು ದಾಟಿಹೋಗುವ ಒಂದು ವಾರದ ಪ್ರವಾಸದಲ್ಲಿ ದೇಹವು ಹೊಂದಿಕೊಳ್ಳುವ ಹೊತ್ತಿಗೆ ಮರಳುವ ವಿಮಾನ ಬಂದಿರುತ್ತದೆ. ಆದ್ದರಿಂದ ಅಂತಹ ಪ್ರವಾಸದ ಮೊದಲ ಎರಡು ದಿನಗಳಲ್ಲಿ ಊರು ಬದಲಿಸುವ ಯೋಜನೆಯನ್ನು ಇಟ್ಟುಕೊಳ್ಳಲೇಬಾರದು. ರಜೆ ಐದಾರು ದಿನ ಮಾತ್ರವಿದ್ದರೆ, ಒಂದೆರಡು ಕಾಲವಲಯಗಳೊಳಗಿನ ಜಾಗವನ್ನೇ ಆಯ್ದುಕೊಳ್ಳುವುದು ವಿವೇಕ.

ಎತ್ತರದ ವಿಷಯದಲ್ಲಿ ಅವಸರವು ಅಪಾಯಕಾರಿಯೂ ಹೌದು. ಸಮುದ್ರಮಟ್ಟದಿಂದ ಸುಮಾರು 2,500 ಮೀಟರುಗಳಿಗಿಂತ ಮೇಲಕ್ಕೆ ಬೇಗನೆ ಏರಿದವರಿಗೆ ತಲೆನೋವು, ವಾಕರಿಕೆ, ನಿದ್ರಾಹೀನತೆ ಕಾಣಿಸಿಕೊಳ್ಳಬಹುದು. ನಿರ್ಲಕ್ಷಿಸಿ ಮತ್ತೂ ಏರಿದರೆ ಅದು ಪ್ರಾಣಕ್ಕೇ ಎರವಾಗಬಹುದು. 3,000 ಮೀಟರುಗಳ ಮೇಲೆ, ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚಿಸಬಾರದೆಂಬುದು, ಪ್ರತಿ ಸಾವಿರ ಮೀಟರಿಗೆ ಒಂದು ದಿನ ಹೆಚ್ಚುವರಿಯಾಗಿ ನಿಲ್ಲಬೇಕೆಂಬುದು ಸಾಮಾನ್ಯ ವೈದ್ಯಕೀಯ ಸಲಹೆ. ಪೆರು ದೇಶದ ಕುಸ್ಕೊ ನಗರ ಸುಮಾರು 3,400 ಮೀಟರ್ ಎತ್ತರದಲ್ಲಿದ್ದರೆ, ಅಲ್ಲಿಂದ ಹೋಗಿ ನೋಡುವ ಇಂಕಾ ಕಾಲದ ಹಳೆಯ ಊರು ಮಾಚು ಪಿಚು ಇರುವುದು 2,430 ಮೀಟರ್ ಎತ್ತರದಲ್ಲಿ. ಆದ್ದರಿಂದ ವಿಮಾನವಿಳಿದ ಕೂಡಲೇ ತಗ್ಗಿನ ಕಣಿವೆಯ ಊರಿಗೆ ಇಳಿದು ಎರಡು ರಾತ್ರಿ ಕಳೆದು, ಕುಸ್ಕೊವನ್ನು ಕೊನೆಗೆ ನೋಡುವ ಕ್ರಮವನ್ನು ತಿಳಿದವರು ಅನುಸರಿಸುತ್ತಾರೆ. ಹೃದಯ ಅಥವಾ ಶ್ವಾಸಕೋಶದ ತೊಂದರೆಯಿರುವವರು ಹೊರಡುವ ಮೊದಲೇ ವೈದ್ಯರನ್ನು ಕಾಣಬೇಕು.

ಇದರಿಂದ ಖರ್ಚು ಕಡಿಮೆಯಾಗುತ್ತದೆಯೇ?

ಸಾಮಾನ್ಯವಾಗಿ ಕಡಿಮೆಯಾಗುತ್ತದೆ. ಊರಿಂದ ಊರಿಗೆ ಹೋಗುವ ಟಿಕೆಟ್ಟುಗಳೇ ಉಳಿಯುತ್ತವೆ. ಹಲವು ವಸತಿಗಳು ವಾರದ ಬಾಡಿಗೆಗೆ ರಿಯಾಯಿತಿ ಕೊಡುತ್ತವೆ. ನಗರ ಸಾರಿಗೆಯ ವಾರದ ಪಾಸು ಬಳಸಬಹುದು. ಆದರೆ ಪಾಸಿನ ನಿಯಮವನ್ನು ಮೊದಲೇ ಓದಿಕೊಳ್ಳಬೇಕು. ಪ್ಯಾರಿಸ್‌ನ ವಾರದ ಪಾಸು ಸೋಮವಾರದಿಂದ ಭಾನುವಾರದವರೆಗೆ ಮಾತ್ರ ನಡೆಯುವುದರಿಂದ ಗುರುವಾರ ಅಥವಾ ಶುಕ್ರವಾರ ಬಂದಿಳಿಯುವವರಿಗೆ ಅದರಿಂದ ಅಂತಹ ಲಾಭವಿಲ್ಲ.

ಮನೆಯವರು ಒಪ್ಪದಿದ್ದರೆ ಏನು ಮಾಡಬೇಕು?

ಒಬ್ಬರಿಗೆ ಒಂದೇ ಊರಿನಲ್ಲಿ ಆರಾಮವಾಗಿರುವ ಆಸೆ, ಇನ್ನೊಬ್ಬರಿಗೆ ಪಟ್ಟಿ ಮುಗಿಸುವ ಹಟ. ಇದು ಎಲ್ಲ ಕುಟುಂಬಗಳಲ್ಲಿಯೂ ಇರುವುದೇ. ನಿಧಾನದ ಬಗ್ಗೆ ಭಾಷಣ ಮಾಡಿ ಯಾರನ್ನೂ ಒಪ್ಪಿಸಲಾಗದು. ಪ್ರತಿಯೊಬ್ಬರೂ ತಮಗೆ ಬೇಕೇ ಬೇಕಾದ ಒಂದು ಸ್ಥಳವನ್ನು ಮಾತ್ರ ಹೆಸರಿಸಲಿ. ಆ ಸ್ಥಳಗಳನ್ನು ಬಿಡದೆ ಸೇರಿಸಿ, ಉಳಿದದ್ದನ್ನು ಖಾಲಿ ಬಿಡಬಹುದು. ಒಂದೇ ಬಿಡಾರದಲ್ಲಿ ಉಳಿದಾಗ ಇರುವ ಇನ್ನೊಂದು ಅನುಕೂಲವೆಂದರೆ ಎಲ್ಲರೂ ಎಲ್ಲ ಕಡೆಗೂ ಒಟ್ಟಿಗೆ ಹೋಗಬೇಕಾಗಿಲ್ಲ. ಹುರುಪಿನವರು ಬೆಳಿಗ್ಗೆ ಬೆಟ್ಟ ಹತ್ತಿ ಬರಲಿ, ಹಿರಿಯರು ಕೆರೆಯ ದಂಡೆಯಲ್ಲಿ ಕುಳಿತಿರಲಿ, ಸಂಜೆಗೆ ಎಲ್ಲರೂ ಕೂಡಲಿ. ದಿನವೂ ಊರು ಬದಲಿಸುವ ಯೋಜನೆಯಲ್ಲಿ ಇದಕ್ಕೆ ಆಸ್ಪದವೇ ಇಲ್ಲ. ಅತಿ ನಿಧಾನವಾಗಿ ನಡೆಯುವವರ ವೇಗಕ್ಕೆ ಎಲ್ಲರೂ, ಅತಿ ಅವಸರದವರ ಸಿಡುಕಿಗೆ ಎಲ್ಲರೂ ಒಳಗಾಗುತ್ತಾರೆ. ಚಿಕ್ಕ ಮಕ್ಕಳಿದ್ದರಂತೂ ಹಾಸಿಗೆ, ಊಟದ ಹೊತ್ತು, ಆಟದ ಜಾಗ ಇವು ಮೂರು ದಿನವಾದರೂ ಬದಲಾಗದೆ ಇರುವುದು ಅವರಿಗಿಂತ ಹೆಚ್ಚಾಗಿ ಹೆತ್ತವರಿಗೆ ನೆಮ್ಮದಿ.

ಪ್ಯಾಕೇಜ್ ಟೂರ್‌ನಲ್ಲಿ ಹೋಗುವವರಿಗೆ ಈ ಸಲಹೆಗಳು ಉಪಯೋಗಕ್ಕೆ ಬರುತ್ತವೆಯೇ?

ಬರುತ್ತವೆ. ಜಾಹೀರಾತಿನಲ್ಲಿರುವ ದೇಶಗಳ ಸಂಖ್ಯೆಯನ್ನು ಬಿಟ್ಟು, ಎಷ್ಟು ರಾತ್ರಿ ಎಷ್ಟು ಹೋಟೆಲುಗಳಲ್ಲಿ ಹಂಚಿಹೋಗಿದೆ ಎಂಬುದನ್ನು ಓದಿ. ‘ಭೇಟಿ’ ಮತ್ತು ‘ಹೊರಗಿನಿಂದ ವೀಕ್ಷಣೆ’ ಎಂಬ ಎರಡು ಮಾತುಗಳ ನಡುವಿನ ಅಂತರವನ್ನು ಗಮನಿಸಿ. ಎರಡನೆಯದೆಂದರೆ ಬಸ್ಸಿನ ಕಿಟಕಿಯಿಂದ ನೋಡುವುದೂ ಆಗಿರಬಹುದು. ಗುಂಪು ಪ್ರವಾಸಗಳ ಆದ್ಯರಲ್ಲೊಬ್ಬನಾದ ಥಾಮಸ್ ಕುಕ್ 1841ರಲ್ಲಿ ಇಂಗ್ಲೆಂಡಿನ ಲೆಸ್ಟರ್‌ನಿಂದ ಲಫ್‌ಬರೋಗೆ ಸುಮಾರು 500 ಜನರನ್ನು ರೈಲಿನಲ್ಲಿ ಕರೆದೊಯ್ದಾಗ ಇದ್ದದ್ದು ಒಂದೇ ಊರು, ಒಂದೇ ದಿನ. ಗುಂಪಿನಲ್ಲಿ ಹೋಗುವುದಕ್ಕೂ ಓಡುವುದಕ್ಕೂ ಹುಟ್ಟಿನಿಂದ ಬಂದ ನಂಟೇನಿಲ್ಲ.

ನಿಧಾನವಾಗಿ ಹೋಗಿಬಂದವರಿಗೆ ನಿಜವಾಗಿಯೂ ಹೆಚ್ಚು ವಿಶ್ರಾಂತಿ ಸಿಗುತ್ತದೆಯೇ?

ನೆದರ್ಲೆಂಡ್ಸ್‌ನಲ್ಲಿ ಸುಮಾರು 1,500 ಮಂದಿ ವಯಸ್ಕರನ್ನು ಕುರಿತು ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನವೊಂದು ಈ ಪ್ರಶ್ನೆಗೆ ಹತ್ತಿರದ ಉತ್ತರವನ್ನು ಕೊಡುತ್ತದೆ. ರಜೆಗೆ ಹೋಗುವವರು ಹೊರಡುವ ಮುನ್ನ ಉಳಿದವರಿಗಿಂತ ಹೆಚ್ಚು ಸಂತೋಷದಿಂದಿದ್ದರು. ಮರಳಿದ ಮೇಲೆ ಹೆಚ್ಚಿನವರಲ್ಲಿ ಆ ವ್ಯತ್ಯಾಸ ಉಳಿದಿರಲಿಲ್ಲ. ತಮ್ಮ ರಜೆ ಅತ್ಯಂತ ನಿರಾಳವಾಗಿತ್ತು ಎಂದವರಲ್ಲಿ ಮಾತ್ರ ಕೆಲಕಾಲ ಅದು ಮುಂದುವರಿದಿತ್ತು. ಅಧ್ಯಯನವು ಊರುಗಳನ್ನು ಎಣಿಸಲಿಲ್ಲ, ಹಾಗಾಗಿ ಅದರಿಂದ ಹೆಚ್ಚೇನನ್ನೂ ಎಳೆದು ತೆಗೆಯಬಾರದು. ಆದರೂ ‘ರಜೆಯಿಂದ ಬಂದ ಮೇಲೆ ಸುಧಾರಿಸಿಕೊಳ್ಳಲು ಇನ್ನೊಂದು ರಜೆ ಬೇಕು’ ಎಂದು ನಗುತ್ತಾ ಹೇಳುವವರಿಗೆ ಅದರಲ್ಲಿ ಯೋಚಿಸಬೇಕಾದ ಅಂಶವಿದೆ.

ದಿನವೂ ಸ್ಥಳ ಬದಲಿಸುವುದೇ ಸರಿಯಾಗಿರುವ ಪ್ರವಾಸಗಳೂ ಇಲ್ಲವೇ?

ಖಂಡಿತ ಇವೆ. ದಾರಿಯೇ ಗುರಿಯಾಗಿರುವಾಗ ಊರುಗಳನ್ನು ಎಣಿಸುವುದರಲ್ಲಿ ಅರ್ಥವಿಲ್ಲ. ಮಾಸ್ಕೋದಿಂದ ವ್ಲಾಡಿವೊಸ್ಟಾಕ್‌ವರೆಗಿನ 9,289 ಕಿಲೋಮೀಟರ್ ದೂರವನ್ನು ಸುಮಾರು ಒಂದು ವಾರ ರೈಲಿನಲ್ಲಿ ಕುಳಿತು ಕ್ರಮಿಸುವವರು ಚಲಿಸುತ್ತಲೇ ಇರುತ್ತಾರೆ, ಆದರೆ ಅವರಷ್ಟು ನಿಧಾನವಾಗಿ ಇರುವವರು ಯಾರೂ ಇಲ್ಲ. ಕಾಲ್ನಡಿಗೆಯ ಯಾತ್ರೆಯೂ ಹೀಗೆಯೇ. ಫ್ರಾನ್ಸಿನ ಗಡಿಯಿಂದ ಸ್ಪೇನಿನ ಸಾಂಟಿಯಾಗೊವರೆಗಿನ ಪ್ರಸಿದ್ಧ ಯಾತ್ರಾಮಾರ್ಗವು ಸುಮಾರು 780 ಕಿಲೋಮೀಟರ್ ಇದ್ದು, ಪೂರ್ತಿ ನಡೆಯಲು ಒಂದು ತಿಂಗಳಿಗೂ ಹೆಚ್ಚು ಬೇಕು. ರಜೆ ಕಡಿಮೆ ಇರುವವರು ಬಸ್ಸು ಹಿಡಿದು ಎಲ್ಲವನ್ನೂ ಮುಟ್ಟಿಬರಲು ಹೋಗುವುದಿಲ್ಲ. ಸರಿಯಾ ಎಂಬ ಊರಿನಿಂದ ಆರಂಭಿಸಿ ಕೊನೆಯ ನೂರಕ್ಕೂ ಹೆಚ್ಚು ಕಿಲೋಮೀಟರನ್ನು ಐದಾರು ದಿನಗಳಲ್ಲಿ ನಡೆಯುತ್ತಾರೆ. ಕನಿಷ್ಠ ಕೊನೆಯ 100 ಕಿಲೋಮೀಟರ್ ನಡೆದವರಿಗೆ ಯಾತ್ರೆಯ ಪ್ರಮಾಣಪತ್ರವೂ ದೊರೆಯುತ್ತದೆ. ಉದ್ದನೆಯ ದಾರಿಯಲ್ಲಿ ಒಂದು ತುಣುಕನ್ನು ಆಯ್ದು ಅದನ್ನು ಪೂರ್ತಿಯಾಗಿ ನಡೆಯುವ ಈ ಪದ್ಧತಿಯನ್ನು ಬೇರೆ ಪ್ರವಾಸಗಳಿಗೂ ಅನ್ವಯಿಸಬಹುದು. ಐಸ್‌ಲ್ಯಾಂಡನ್ನು ಸುತ್ತುವರಿದಿರುವ 1,300 ಕಿಲೋಮೀಟರಿಗೂ ಮೀರಿದ ಹೆದ್ದಾರಿಯನ್ನು ಐದು ದಿನಗಳಲ್ಲಿ ಸುತ್ತುವುದಕ್ಕಿಂತ, ದಕ್ಷಿಣ ಕರಾವಳಿಯೊಂದನ್ನೇ ಹಿಡಿದು ಹೋಗಿ ಅದೇ ದಾರಿಯಲ್ಲಿ ಮರಳುವುದು ಎಷ್ಟೋ ಉತ್ತಮ.

ಮುಂದೊಂದು ದಿನ ಯಾವುದಾದರೂ ಊರಿಗೆ ವಲಸೆ ಹೋಗಲೋ ಓದಲೋ ಯೋಚಿಸುತ್ತಿರುವವರು ಹಲವು ಊರುಗಳನ್ನು ಒಮ್ಮೆ ಮೇಲುಮೇಲೆ ನೋಡಿಬರುವುದರಲ್ಲಿಯೂ ತಪ್ಪಿಲ್ಲ.

ಮುಂಚಿತವಾಗಿ ಏನನ್ನು ಕಾಯ್ದಿರಿಸಬೇಕು? ಎಲ್ಲವನ್ನೂ ಅಲ್ಲಿಗೆ ಹೋದ ಮೇಲೆ ನಿರ್ಧರಿಸಬಾರದೇ?

ನಿಧಾನವೆಂದರೆ ಸಿದ್ಧತೆಯಿಲ್ಲದೆ ಹೋಗುವುದೆಂಬ ತಪ್ಪು ಕಲ್ಪನೆ ಇದೆ. ವಾರದ ರಜೆಯವರು ವಸತಿಯನ್ನೂ, ಸಮಯ ನಿಗದಿಯಾಗಿರುವ ಒಂದೆರಡು ಪ್ರವೇಶಗಳನ್ನೂ ಮೊದಲೇ ಕಾಯ್ದಿರಿಸಿಕೊಳ್ಳಬೇಕು. ಸ್ಪೇನಿನ ಗ್ರನಾಡಾ ನಗರದ ಅಲ್‌ಹಂಬ್ರಾ ಕೋಟೆಯಲ್ಲಿ ನಸ್ರಿದ್ ಅರಮನೆಗಳಿಗೆ ಟಿಕೆಟ್ಟಿನಲ್ಲಿ ನಮೂದಿಸಿದ ಸಮಯಕ್ಕೇ ಹೋಗಬೇಕು; ಮಾಚು ಪಿಚುವಿಗೆ ದಿನಕ್ಕೆ ಇಷ್ಟೇ ಜನ ಎಂಬ ಮಿತಿಯಿದೆ. ವಾರದ ರಜಾದಿನಗಳನ್ನೂ ನೋಡಿಕೊಳ್ಳಬೇಕು: ಲೂವ್ರ್ ಮಂಗಳವಾರ ಮುಚ್ಚಿರುತ್ತದೆ, ಅದೇ ನಗರದ ಒರ್ಸೇ ಸಂಗ್ರಹಾಲಯ ಸೋಮವಾರ, ಫ್ಲಾರೆನ್ಸ್‌ನ ಉಫಿತ್ಸಿ ಕಲಾಸಂಗ್ರಹಾಲಯ ಸೋಮವಾರ, ತಾಜ್ ಮಹಲ್ ಶುಕ್ರವಾರ. ಒಂದೇ ದಿನ ಇಟ್ಟುಕೊಂಡು ಹೋದವರಿಗೆ ಆ ದಿನವೇ ಬಾಗಿಲು ಹಾಕಿದ್ದರೆ ಮಾಡುವುದೇನೂ ಇಲ್ಲ. ನಾಲ್ಕು ದಿನ ಇದ್ದವರು ಮರುದಿನ ಹೋಗುತ್ತಾರೆ.

ಎರಡು ಊರುಗಳ ಪ್ರವಾಸವಾದರೆ, ಮೊದಲನೆಯ ಊರಿನಲ್ಲಿ ಇಳಿದು ಎರಡನೆಯ ಊರಿನಿಂದಲೇ ಮರಳುವಂತೆ ವಿಮಾನದ ಟಿಕೆಟ್ ತೆಗೆದುಕೊಳ್ಳುವ ಸಾಧ್ಯತೆಯನ್ನು ವಿಚಾರಿಸಿ. ಬೆಲೆಯಲ್ಲಿ ತುಸು ಹೆಚ್ಚಾದರೂ, ಬಂದ ದಾರಿಯಲ್ಲೇ ಹಿಂದಿರುಗುವ ಒಂದು ದಿನ ಉಳಿಯುತ್ತದೆ. ಇವಿಷ್ಟರ ಹೊರತು ಉಳಿದ ಗಂಟೆಗಳಿಗೆ ವೇಳಾಪಟ್ಟಿ ಬೇಕಾಗಿಲ್ಲ. ದಿನಕ್ಕೆ ಒಂದು ಮುಖ್ಯ ಕಾರ್ಯಕ್ರಮ, ಅದೂ ಸಾಧ್ಯವಾದರೆ ಬೆಳಿಗ್ಗೆ, ಸಾಕು.

ಎರಡು ಊರುಗಳಲ್ಲಿ ಯಾವುದನ್ನು ಕೊನೆಗೆ ಇಟ್ಟುಕೊಳ್ಳಬೇಕು?

ಹೆಚ್ಚು ಶಾಂತವಾದದ್ದನ್ನು. ಯಾವುದೇ ಅನುಭವದ ನೆನಪನ್ನು ಅದರ ಒಟ್ಟು ಉದ್ದಕ್ಕಿಂತ ಅದರ ತೀವ್ರ ಕ್ಷಣಗಳೂ ಕೊನೆಯ ಭಾಗವೂ ಹೆಚ್ಚಾಗಿ ರೂಪಿಸುತ್ತವೆ ಎಂದು ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನಿಮನ್ ಮತ್ತು ಸಹೋದ್ಯೋಗಿಗಳು 1993ರಲ್ಲಿ ತಣ್ಣೀರಿನಲ್ಲಿ ಕೈ ಇಡಿಸಿ ನಡೆಸಿದ ಪ್ರಯೋಗವೊಂದರ ಮೂಲಕ ತೋರಿಸಿದರು. ನಗರದ ಗದ್ದಲವನ್ನು ಮೊದಲು ಮುಗಿಸಿ, ಕೊನೆಯ ಎರಡು ಮೂರು ರಾತ್ರಿಗಳನ್ನು ಸಣ್ಣ ಊರಿನಲ್ಲಿ ಕಳೆಯುವಂತೆ ಯೋಜಿಸುವುದು ಒಳ್ಳೆಯದು; ಆದರೆ ಆ ಊರಿನಿಂದ ವಿಮಾನ ನಿಲ್ದಾಣಕ್ಕೆ ಒಂದೇ ಬಸ್ಸೋ ರೈಲೋ ಇರುವುದಾದರೆ ಕೊನೆಯ ರಾತ್ರಿಯನ್ನು ನಿಲ್ದಾಣವಿರುವ ನಗರದಲ್ಲಿಯೇ ಕಳೆಯಬೇಕಾಗುತ್ತದೆ. ಮನೆಗೆ ಮರಳಿದ ಮೇಲೆ ಕೆಲಸಕ್ಕೆ ಹೋಗುವ ಮುನ್ನ ಒಂದು ದಿನ ಬಿಡುವಿರಲಿ. ಅದಕ್ಕೆ ರಜೆ ಸಾಲದಿದ್ದರೆ ಪ್ರವಾಸವನ್ನೇ ಒಂದು ದಿನ ಮೊಟಕು ಮಾಡಿ.